ನೀಲವೇಣಿಗೆ ಎತ್ತಿದ ಮಂಗಳಾರತಿ

ಆಷಾಢದ ಕೊನೆಯ ದಿನ. ಸುಲ್ತಾನ್‌ಪೇಟೆಯ ಬೀದಿಯಲ್ಲಿ ಬೆಳಗಿನಿಂದ ಗಾಳಿ ಬೀಸುತ್ತಲೇ ಇತ್ತು. ತಿಂಗಳಿಡೀ ಮದುವೆಗಳಿಲ್ಲದ್ದರಿಂದ ಲಗ್ನಪತ್ರಿಕೆಯ ಅಂಗಡಿಗಳಿಗೆ ಗಿರಾಕಿಗಳೂ ಇರಲಿಲ್ಲ. ಬಿತ್ತನೆಗೆ ಮುಂಚೆ ನೊಗ, ಕುಂಟೆ ಸರಿಮಾಡಿಕೊಳ್ಳುವವರ ಹಾಗೆ ಶರಣ್ಯ ಅಪ್ಪನ ಅಂಗಡಿಯಲ್ಲಿ ಕೂತು ಶ್ರಾವಣಕ್ಕೆ ಸಿದ್ಧತೆ ನಡೆಸಿದ್ದಳು. ಮೂಲೆ ಮಡಚಿದ ಸ್ಯಾಂಪಲ್ ಕಾರ್ಡುಗಳನ್ನು ತೆಗೆದು, ಧೂಳು ಒರೆಸಿ, ಹೊಸವನ್ನು ಆಲ್ಬಮ್ಮಿಗೆ ಸೇರಿಸುತ್ತಿದ್ದಳು.

ಅವಳ ಅಪ್ಪ ಶಿವರುದ್ರಪ್ಪನವರದು ಒಂದು ಪದ್ಧತಿ. ಮದುವೆಯಿದೆ ಎಂದು ಯಾರೇ ಬಂದರೂ ಮೊದಲು ಗಂಡು, ಹೆಣ್ಣಿನ ಹೆಸರು ಕೇಳುತ್ತಿದ್ದರು. ಎರಡನ್ನೂ ಖಾಲಿ ಕಾರ್ಡಿನ ಮೇಲೆ ಬರೆದು, ವಿಭೂತಿ ಹಚ್ಚಿ, ಶಿವನ ಫೋಟೊ ಮುಂದೆ ಇಡುತ್ತಿದ್ದರು. ಪತ್ರಿಕೆ ಅಚ್ಚಾಗಿ ಹೋಗುವ ತನಕ ಪ್ರತಿದಿನ ಬೆಳಿಗ್ಗೆ ಆ ಹೆಸರುಗಳನ್ನು ಹೇಳಿ ಮಂಗಳಾರತಿ ಎತ್ತಬೇಕು. ಹೆಸರು ಹೇಳದವರಿಗೆ ಸ್ಯಾಂಪಲ್ ಮನೆಗೆ ಕೊಡುತ್ತಿರಲಿಲ್ಲ.

ಮಂಗಳಾರತಿ ಎತ್ತುವ ಕೆಲಸ ಶರಣ್ಯಳದು.

ಈ ಆಷಾಢದಲ್ಲಿ ಫೋಟೊ ಮುಂದೆ ಇದ್ದದ್ದು ಒಂದೇ ಕಾರ್ಡು. ಅನಿರುದ್ಧ, ನೀಲವೇಣಿ.

ಅನಿರುದ್ಧ ಬಂದದ್ದು ಆಷಾಢ ಶುರುವಾದ ವಾರ. ಬಂದವನು ಕಾರ್ಡುಗಳನ್ನು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು ಮೂಸಿದ್ದ.

"ಎಲ್ರೂ ಗಣಪತಿ ಚಿತ್ರ ನೋಡ್ತಾರೆ. ನೀವು ಕಾಗದ ಮೂಸ್ತಿದೀರಲ್ಲ" ಎಂದಿದ್ದಳು ಶರಣ್ಯ.

"ಚಿತ್ರ ಬರ್ಕೋಬೋದು. ಕಾಗದ ಬರ್ಕೊಳ್ಳೋಕಾಗಲ್ಲವಲ್ಲ."

ಅವಳು ನಕ್ಕಿದ್ದಳು. ಅಂಗಡಿಯಲ್ಲಿ ಹಾಗೆ ನಕ್ಕು ಬಹಳ ದಿನವಾಗಿತ್ತು. ಅಷ್ಟರಲ್ಲಿ ಅಪ್ಪ ಹೆಸರು ಕೇಳಿದರು. ಅವನು ಒಂದು ಗಳಿಗೆ ತಡೆದು, ತನ್ನ ಹೆಸರು ಹೇಳಿ, ಹುಡುಗಿಯ ಹೆಸರು ನೀಲವೇಣಿ ಎಂದ.

ಅವಳ ನಗು ಅಲ್ಲಿಗೇ ನಿಂತಿತ್ತು.

ಆಮೇಲೆ ಅವನು ವಾರವಾರವೂ ಬಂದ. ಒಂದು ಸ್ಯಾಂಪಲ್ ಹಿಂದಿರುಗಿಸಿ ಇನ್ನೊಂದು ಒಯ್ಯುತ್ತಿದ್ದ. ಕಾಗದದಿಂದ ಶುರುವಾದ ಮಾತು ಎಲ್ಲೆಲ್ಲೋ ಹೋಗಿ, ತರಿಸಿದ ಕಾಫಿ ಆರಿಹೋಗುತ್ತಿತ್ತು. ಅವನು ಹೋದ ಮೇಲೆ ಶರಣ್ಯ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು... ಇವನು ಬೇರೆಯವಳ ಗಂಡನಾಗುವವನು. ಅಷ್ಟೇ.

ಈ ದಿನ ಮನೆಯಿಂದ ಹೊರಡುವಾಗ ಅಮ್ಮ ಗಿರಿಜಾಂಬಾ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದರು.

"ತುಮಕೂರಿನವರು ಭಾನುವಾರ ನಿನ್ನ ನೋಡೋಕೆ ಬರ್ತೀವಿ ಅಂತಿದಾರೆ. ನಾಳೆ ಬೆಳಿಗ್ಗೆ ಫೋನ್ ಮಾಡ್ತಾರೆ. ಬನ್ನಿ ಅನ್ನಲೋ, ಬೇಡ ಅನ್ನಲೋ?"

"ಯೋಚನೆ ಮಾಡ್ತೀನಮ್ಮ."

"ತಿಂಗಳಿಂದ ಅದನ್ನೇ ಹೇಳ್ತಿದೀಯ. ಇವತ್ತು ರಾತ್ರಿ ಎಷ್ಟೊತ್ತಾದ್ರೂ ಸರಿ, ಒಂದು ಮಾತು ಹೇಳ್ಬಿಡು."

ಆದರೆ ಆ ರಾತ್ರಿ ಅವಳು ಮನೆಗೆ ಬರುವವಳಲ್ಲ. ಕಾಲೇಜಿನ ಗೆಳತಿ ಮೀನಾ, ಗೆಳೆಯ ಕುಶಾಲ್ ಜೊತೆ ಮಲ್ಲೇಶ್ವರಕ್ಕೆ ಹೋಗುವವಳಿದ್ದಳು. ಮೂವರೂ ಕಾಲೇಜಿನಲ್ಲಿ ಕಿತ್ತಾಡಿಕೊಂಡು ಓದುತ್ತಿದ್ದ ಪತ್ತೇದಾರಿ ಸರಣಿಯ ಕೊನೆಯ ಭಾಗ ಮಧ್ಯರಾತ್ರಿ ಬಿಡುಗಡೆಯಾಗುವುದಿತ್ತು. ಮುಗಿದ ಮೇಲೆ ಮೀನಾಳ ಮನೆಯಲ್ಲೇ ಮಲಗುವುದೆಂದು ಮಾತಾಗಿತ್ತು.

ಪುಸ್ತಕದಂಗಡಿ ಎಂಟನೇ ಕ್ರಾಸಿನ ಹಳೆಯ ಮನೆಯೊಂದರಲ್ಲಿತ್ತು. ಅವರು ತಲುಪುವ ಹೊತ್ತಿಗೆ ಅಂಗಳದ ಕುರ್ಚಿಗಳೆಲ್ಲ ತುಂಬಿ, ಜನ ಜಗಲಿಯ ಮೇಲೆ, ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಕಡೆ ಬೋಂಡಾ, ಕಾಫಿ.

"ಆಷಾಢದಲ್ಲಿ ಬಿಡುಗಡೆ ಬೇಡ ಅಂತ ಪ್ರಕಾಶಕರ ಅಮ್ಮ ಹಟ ಹಿಡಿದ್ರಂತೆ" ಎಂದ ಕುಶಾಲ್. "ಅದಕ್ಕೇ ಹನ್ನೆರಡು ಹೊಡೆದು ಶ್ರಾವಣ ಹುಟ್ಟಿದ ಮೇಲೆ."

"ಪಂಚಾಂಗದಲ್ಲಿ ದಿನ ಶುರುವಾಗೋದು ಸೂರ್ಯ ಹುಟ್ಟಿದಾಗ ಕಣೋ" ಎಂದಳು ಮೀನಾ.

"ಮೆಲ್ಲಗೆ ಹೇಳು. ಅವರಮ್ಮನ ಕಿವಿಗೆ ಬಿದ್ರೆ ಬೆಳಗಿನ ತನಕ ಇಲ್ಲೇ ಕೂರಿಸ್ತಾರೆ."

ಶರಣ್ಯಳಿಗೂ ನಗು ಬಂತು. ಆದರೆ ಕೈಯಲ್ಲಿದ್ದ ಫೋನಿನ ಕಡೆಗೇ ಅವಳ ಗಮನ. ಅಮ್ಮ ಕಾಯುತ್ತಿರುತ್ತಾರೆ. ಬನ್ನಿ ಅಂದುಬಿಟ್ಟರೆ ಆಯಿತಲ್ಲ... ಯಾರಿಗಾಗಿ ಬೇಡ ಅನ್ನಬೇಕು?

ಹನ್ನೆರಡಾಯಿತು. ಪ್ರಕಾಶಕ ನಾಗಭೂಷಣ್ ಕಟ್ಟು ಬಿಚ್ಚಿ ಪುಸ್ತಕವನ್ನು ಎತ್ತಿ ಹಿಡಿದರು. ಚಪ್ಪಾಳೆ ಬಿತ್ತು.

"ಮುಖಪುಟ ಮಾಡಿದವರು ಮುಂದೆ ಬರಬೇಕು. ಅನಿರುದ್ಧ, ಬಾಪ್ಪಾ."

ಮೂಲೆಯಲ್ಲಿ ಪುಸ್ತಕದ ಕಟ್ಟುಗಳ ದಾರ ಕತ್ತರಿಸುತ್ತಿದ್ದವನು ಎದ್ದು ಬಂದ. ಅವನೇ. ಶರಣ್ಯ ಕಾಫಿ ಲೋಟ ಹಿಡಿದೇ ಮುಂದಕ್ಕೆ ಬಗ್ಗಿ ನೋಡಿದಳು.

ಅವಳ ಕಣ್ಣು ಮೊದಲು ಹುಡುಕಿದ್ದು ಅವನ ಅಕ್ಕಪಕ್ಕದಲ್ಲಿ. ನೀಲವೇಣಿಯೂ ಬಂದಿರಬೇಕು. ಹಸಿರು ಚೂಡಿದಾರದವಳೇ? ಕನ್ನಡಕದವಳೇ?

ಮೀನಾ ಪುಸ್ತಕವೊಂದನ್ನು ತಂದು ಅವಳ ತೊಡೆಯ ಮೇಲಿಟ್ಟಳು. "ನೋಡೇ, ಮದುವೆ ಕಾರ್ಡ್ ಥರ ಇದೆ."

ದಪ್ಪನೆಯ ಒರಟು ಕಾಗದ, ಒಳಗೆ ಅಲ್ಲಲ್ಲಿ ಚಿನ್ನದ ಬಣ್ಣದ ಎಳೆ. ಶರಣ್ಯ ಅದನ್ನು ಬೆರಳಿಂದಲೇ ಗುರುತಿಸಿದಳು. ಅವರ ಅಂಗಡಿಯಿಂದ ಅವನು ಮೊದಲು ಒಯ್ದ ಸ್ಯಾಂಪಲ್ಲಿನ ಕಾಗದ.

ನಾಗಭೂಷಣ್ ಮೊದಲ ಪುಟ ಓದತೊಡಗಿದರು.

"ಕಾಣೆಯಾದವಳ ಹೆಸರು ನೀಲವೇಣಿ. ವಯಸ್ಸು ಎಪ್ಪತ್ತರ ಮೇಲೆ. ಮನೆ ಬಿಟ್ಟಾಗ ಕೈಯಲ್ಲಿ ಊರುಗೋಲು, ಸೊಂಟದಲ್ಲಿ ಎಲೆಯಡಿಕೆ ಚೀಲ..."

ಜನ ನಕ್ಕರು. ಶರಣ್ಯ ನಗಲಿಲ್ಲ. ಅವಳು ಲೋಟ ಕೆಳಗಿಟ್ಟು, ಸಾಲು ದಾಟಿ, ಅನಿರುದ್ಧನ ಮುಂದೆ ಹೋಗಿ ನಿಂತಳು.

"ನೀಲವೇಣಿಯವರು ಸಿಕ್ಕಿದ್ರಾ?"

ಅವನ ಮುಖದ ಬಣ್ಣ ಇಳಿಯಿತು. "ಶರಣ್ಯ ಅವರೇ... ನೀವು ಇಲ್ಲಿ..."

"ಹೊರಗೆ ಬನ್ನಿ."

ಗೇಟಿನಾಚೆ ರಸ್ತೆ ಖಾಲಿಯಾಗಿತ್ತು. ಮುಚ್ಚಿದ ಹೂವಿನಂಗಡಿಯ ಮುಂದೆ ಇಬ್ಬರೂ ನಿಂತರು.

"ನಿಮ್ಮಪ್ಪ ಹೆಸರು ಹೇಳದೆ ಸ್ಯಾಂಪಲ್ ಕೊಡಲ್ಲ ಅಂದ್ರು" ಎಂದ ಅವನು. "ನಂಗೆ ಆ ಕಾಗದ ಬೇಕಿತ್ತು. ತಲೇಲಿ ಈ ಪುಸ್ತಕಾನೇ ತುಂಬ್ಕೊಂಡಿತ್ತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಒಂದು ಕಾಗದಕ್ಕೆ ಇಷ್ಟು ಸುಳ್ಳಾ?"

"ಮೊದಲನೇ ಸಲ ಕಾಗದಕ್ಕೆ ಬಂದೆ. ಆಮೇಲೆ ನಂಗೆ ಯಾವ ಕಾಗದವೂ ಬೇಕಿರಲಿಲ್ಲ."

ಅವಳು ಅಂಗಡಿಯ ಬಾಗಿಲಿಗೆ ಒರಗಿ ನಿಂತಳು.

"ನಿಜ ಹೇಳೋಣ ಅಂತ ಒಂದಿನ ಬೆಳಿಗ್ಗೆ ಬೇಗ ಬಂದೆ. ನೀವು ಗಂಟೆ ಹಿಡ್ಕೊಂಡು ನನ್ನ ಹೆಸರು, ಆ ಮುದುಕಿ ಹೆಸರು ಹೇಳಿ ಆರತಿ ಎತ್ತುತ್ತಿದ್ರಿ. ಅಷ್ಟು ಭಕ್ತಿಯಿಂದ ಮಾಡೋರಿಗೆ ಇದು ಸುಳ್ಳು ಅಂತ ಹೇಗೆ ಹೇಳ್ಲಿ? ಮೆಟ್ಟಿಲಿಂದಾನೇ ವಾಪಸ್ ಹೋದೆ."

"ಭಕ್ತಿನಾ?" ಒರಗಿದ್ದ ಶರಣ್ಯ ನೆಟ್ಟಗಾದಳು. "ಬಾಯಲ್ಲಿ ನಿಮ್ಮಿಬ್ಬರಿಗೂ ಒಳ್ಳೇದಾಗ್ಲಿ ಅಂತಿದ್ದೆ. ಒಳಗೊಳಗೇ ಈ ಮದುವೆ ಮುರಿದು ಬೀಳ್ಲಿ ಅಂತಿದ್ದೆ. ಆಮೇಲೆ ತಪ್ಪಾಯ್ತು ಶಿವಾ ಅಂತ ಕೆನ್ನೆ ಬಡ್ಕೊಳ್ತಿದ್ದೆ. ಯಾರೋ ಹುಡುಗಿಗೆ ಕೆಟ್ಟದ್ದು ಬಯಸ್ತಿದೀನಲ್ಲಾ, ಎಂಥವಳು ನಾನು ಅಂತ... ಇಡೀ ಆಷಾಢ ಇದೇ ಆಯ್ತು ನಂಗೆ."

ಹೇಳಿದ ಮೇಲೆ, ಹೇಳಿದ್ದೇನೆಂದು ಅವಳಿಗೆ ಹೊಳೆಯಿತು. ಮುಖ ತಿರುಗಿಸಿದಳು.

ಒಳಗಿನಿಂದ ಮತ್ತೆ ಚಪ್ಪಾಳೆ ಕೇಳಿಸಿತು. ಅನಿರುದ್ಧ ಹತ್ತಿರ ಬಂದ. ಮುಟ್ಟಲಿಲ್ಲ.

"ನಮ್ದು ಬೇರೆ ಜನ ಶರಣ್ಯ. ನಮ್ಮನೇಲಿ ಬುದ್ಧನ ಫೋಟೊ. ಅಪ್ಪ ಸರ್ಕಾರಿ ಪ್ರೆಸ್ಸಲ್ಲಿ ಬೈಂಡರ್ ಆಗಿದ್ರು. ನಿಮ್ಮ ಮನೇಲಿ..."

"ಅದನ್ನ ಮನೆಯವರು ಕೇಳಿದಾಗ ಹೇಳಿ. ಈಗ ಕೇಳ್ತಿರೋದು ನಾನು. ಭಾನುವಾರ ನನ್ನ ನೋಡೋಕೆ ತುಮಕೂರಿಂದ ಬರ್ತಾರಂತೆ. ಬರ್ಲಿ ಅನ್ನಲಾ?"

"ಬೇಡ."

"ಯಾಕೆ?"

"ನಾನು ಬರ್ತೀನಿ. ಭಾನುವಾರದ ತನಕ ಯಾಕೆ, ಬೆಳಿಗ್ಗೇನೇ ಬರ್ತೀನಿ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಲ್ಲೇ ನಿಂತು ಮನೆಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಅಮ್ಮ ಎತ್ತಿದರು.

"ಊಟ ಆಯ್ತೇನೇ?"

"ಬೋಂಡಾ ತಿಂದೆ. ಅಮ್ಮಾ, ಅವರಿಗೆ ಬೇಡ ಅಂದ್ಬಿಡು."

"ಯಾರೇ ಅವನು?"

"ಬೆಳಿಗ್ಗೆ ಬರ್ತಾರೆ. ಅವರೇ ಹೇಳ್ತಾರೆ."

"ನಿಮ್ಮಪ್ಪ ಕೂಗಾಡ್ತಾರೆ."

"ಗೊತ್ತಮ್ಮ."

"ಏನೋಪ್ಪ... ತಿಂಡಿ ತಿನ್ನದೆ ಬಾ ಅನ್ನು. ಅಕ್ಕಿ ರೊಟ್ಟಿ ಹಾಕ್ತೀನಿ."

ಶರಣ್ಯ ಫೋನ್ ಕೆಳಗಿಳಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಗೇಟಿನ ಬಳಿ ಮೀನಾ, ಕುಶಾಲ್ ಕತ್ತು ಚಾಚಿ ನೋಡುತ್ತಿದ್ದವರು ಸರಕ್ಕನೆ ಒಳಗೆ ಸರಿದರು.

"ನಿಮ್ಮಪ್ಪ ತುಂಬಾ ಬೈತಾರಾ?" ಅನಿರುದ್ಧ ಕೇಳಿದ.

"ಬೈತಾರೆ. ಸುಮ್ನೆ ಬೈಸ್ಕೊಳ್ಳಿ. ಅಷ್ಟು ಬಾಕಿ ಇದೆ ನಿಮ್ಮ ಮೇಲೆ."

"ಆಮೇಲೆ?"

ಗಾಳಿಗೆ ಮುಖದ ಮೇಲೆ ಬಂದ ಕೂದಲನ್ನು ಅವಳು ಕಿವಿಯ ಹಿಂದೆ ಸರಿಸಿದಳು.

"ಆಮೇಲೆ ನಾನಿರ್ತೀನಲ್ಲ."