ಒಂದಕ್ಷರವೂ ತಿದ್ದಬೇಡಿ

"ನಮ್ಮವ್ವನ ಮಾತಲ್ಲಿ ಒಂದಕ್ಷರ ತಿದ್ದುದ್ರೂ ನಾನು ಸುಮ್ನಿರಾಕಿಲ್ಲ. ಈಗ್ಲೇ ಹೇಳ್ಬುಟ್ಟಿವ್ನಿ!"

ಪರಿಚಯವಿಲ್ಲ, ನಮಸ್ಕಾರವಿಲ್ಲ! ಹುಣಸೂರಿನ ಬೈಪಾಸ್ ರಸ್ತೆ, ಬಿತ್ತನೆ ಬೀಜದ ಅಂಗಡಿಯ ಮೇಲೆ ಪ್ರಕಾಶನದ ಪುಟ್ಟ ಕೋಣೆ. ಅಲ್ಲಿಗೆ ನುಗ್ಗಿ, ಮೇಜಿನ ಮೇಲೆ ಮೊಬೈಲ್ ಕುಕ್ಕಿ ನಿಂತವನನ್ನು ಸರ್ವಮಂಗಳ ಕಣ್ಣರಳಿಸಿ ನೋಡಿದಳು.

ಅಬ್ಬಾ, ಏನು ಧಿಮಾಕು!

"ಪುಸ್ತಕ ಮಾಡ್ತೀನಿ ಅಂತ ನಾನಿನ್ನೂ ಹೇಳೇ ಇಲ್ಲ ಕಣ್ರೀ," ಎಂದಳು.

ಅವನು ತಬ್ಬಿಬ್ಬಾದ. ಕಿವಿ ಕೆಂಪಾಯಿತು. "ಮೊದ್ಲು ಕೇಳಿ... ಆಮೇಲೆ ಹೇಳಿ."

ಮೊಬೈಲಿನಿಂದ ವಯಸ್ಸಾದ ಹೆಂಗಸೊಬ್ಬಳ ದನಿ ಬಂತು. ಕಾಡಿನ ಆನೆಯೊಂದು ಹೆಣ್ಣು ಕೇಳಲು ಊರಿಗೆ ಬಂದ ಕಥೆ. "ಆನೆ ಬಂತು ಕಣ್ಲಾ ಅಳ್ಳಿಗೆ... ಬುಡು, ಯಾರು ಎದುರ್ಕೊಂಡಾರು!" ಸರ್ವಮಂಗಳ ಮೊದಲು ನಕ್ಕಳು. ಕೊನೆಗೆ ಆನೆ ಬರಿಗೈಲಿ ಕಾಡಿಗೆ ಮರಳಿದಾಗ, ನಾಚಿಕೆ ಬಿಟ್ಟು ಅತ್ತಳು.

ಅವನು ವಿರೂಪಾಕ್ಷ, ಅಂತರಸಂತೆಯ ಶಾಲೆಯ ಮೇಷ್ಟ್ರು. ತರಗತಿಯಲ್ಲಿ ಪುಸ್ತಕದ ಮಾತು, ಸಿಟ್ಟು ಬಂದರೆ ಅವ್ವನ ಮಾತು. ಆ ದನಿ ಅವನ ತಾಯಿ ಶಿವರುದ್ರಮ್ಮನದು.

ಇನ್ನು ನಮ್ಮ ಸರ್ವಮಂಗಳ? ಹಾರನಹಳ್ಳಿಯ ಹುಡುಗಿ, ಮೈಸೂರಿನಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದವಳು. ಕನ್ನಡದ ಕಾಗುಣಿತ ತಿದ್ದುವ 'ಶುದ್ಧ' ಅವಳದೇ ಕೂಸು. ಅದು ಊರೂರಿನ ಕಂಪ್ಯೂಟರುಗಳಲ್ಲಿ ಓಡುತ್ತಿದ್ದಾಗಲೇ, ಪಾಲುದಾರ ರೇಣುಕಾಪ್ರಸಾದನಿಗೆ ಕಂಪನಿ ಒಪ್ಪಿಸಿ, ಸ್ವಂತ ಪ್ರಕಾಶನ ಮಾಡುತ್ತೇನೆಂದು ಹುಣಸೂರಿಗೆ ಬಂದು ಕೂತಿದ್ದಳು.

"ಲಕ್ಷಣವಾಗಿದ್ದ ಕಂಪ್ನಿ ಬುಟ್ಟು ಬಂದ್ಯಲ್ಲೇ, ಪುಸ್ತಕ ಯಾರು ಓದ್ತಾರೆ?" ಎಂದು ತಾಯಿ ವಿಮಲಮ್ಮ ದಿನಾ ಕೇಳುತ್ತಿದ್ದರು. ಮಗಳಿಗೂ ಒಳಗೊಳಗೇ ಅದೇ ಅಂಜಿಕೆ. ಮೊದಲ ಪುಸ್ತಕವೇ ಸೋತರೆ...? ತಪ್ಪು ಉಳಿದು ಜನ ನಕ್ಕರೆ...?

ಆದರೂ ಒಪ್ಪಿಕೊಂಡಳು. "ಒಂದಕ್ಷರವೂ ತಿದ್ದಲ್ಲ," ಎಂದು ಮಾತು ಕೊಟ್ಟಳು.

ಅಲ್ಲಿಂದ ಪ್ರತಿ ಶನಿವಾರ ವಿರೂಪಾಕ್ಷ ಅಂತರಸಂತೆಯಿಂದ ಬಸ್ಸು ಹತ್ತಿ ಬರತೊಡಗಿದ. ಇಬ್ಬರೂ ಕಿವಿಗೊಟ್ಟು ಕೇಳುವುದು, ಶಿವರುದ್ರಮ್ಮ ಹೇಗೆ ಹೇಳಿದರೋ ಹಾಗೇ ಅವಳು ಟೈಪ್ ಮಾಡುವುದು. ಬರುವಾಗಲೆಲ್ಲ ಒಂದು ಪೊಟ್ಟಣ ಕಡಲೆಬೀಜ ತರುತ್ತಿದ್ದ. "ಅವ್ವ ಹುರ್ದು ಕೊಟ್ಲು," ಎನ್ನುತ್ತಿದ್ದ. ಪೊಟ್ಟಣದ ಮೇಲೆ ಹುಣಸೂರು ಬಸ್‌ಸ್ಟ್ಯಾಂಡಿನ ಅಂಗಡಿಯ ಹೆಸರು ಎದ್ದು ಕಾಣುತ್ತಿತ್ತು! ಅವಳು ನೋಡಿಯೂ ನೋಡದವಳಂತೆ ತಿನ್ನುತ್ತಿದ್ದಳು. ಶುಕ್ರವಾರ ಬಂದರೆ ಸಾಕು, ಎದೆ ಸುಮ್ಮನೆ ಹೊಡೆದುಕೊಳ್ಳುತ್ತಿತ್ತು.

ಹೇಳಬೇಕಾದ ಮಾತನ್ನು ಇಬ್ಬರೂ ಹೇಳಲಿಲ್ಲ. ಪುಸ್ತಕ ಬರಲಿ, ಆಮೇಲೆ ಹೇಳೋಣ ಎಂದುಕೊಂಡರು.

ಅಚ್ಚಿಗೆ ಕಳಿಸುವ ಸಂಜೆ ಬಂತು. ಪ್ರೆಸ್ಸಿನವರಿಂದ ಫೋನ್ ಮೇಲೆ ಫೋನ್. ಸರ್ವಮಂಗಳಳಿಗೆ ಮತ್ತೆ ಅದೇ ಅಂಜಿಕೆ. ತಾನು ಬರೆದ ಮುನ್ನುಡಿಯಲ್ಲಿ ಕಾಗುಣಿತ ತಪ್ಪಿದ್ದರೆ? ಅದೊಂದನ್ನು ನೋಡಿಬಿಡೋಣ ಎಂದು 'ಶುದ್ಧ' ತೆರೆದಳು. ಆ ಗಡಿಬಿಡಿಯಲ್ಲಿ ಬೆರಳು ಹಳೇ ಅಭ್ಯಾಸದಂತೆ 'ಎಲ್ಲ ತಿದ್ದು' ಒತ್ತಿತು. ಮುನ್ನುಡಿ ಮಾತ್ರವಲ್ಲ, ಇಡೀ ಪುಸ್ತಕ ತಿದ್ದಿಹೋಯಿತು. ಅವಳು ತಿರುಗಿ ನೋಡಲಿಲ್ಲ. ಕಳಿಸಿ, ಪಾಪ, ನೆಮ್ಮದಿಯಿಂದ ಕಾಫಿ ಕುಡಿದಳು.

ಅಚ್ಚಾದ ಮೊದಲ ಕಟ್ಟನ್ನು ಬಿಚ್ಚದೆಯೇ ಅಂತರಸಂತೆಗೆ ಕಳಿಸಿದಳು. ಶಿವರುದ್ರಮ್ಮನೇ ಬಿಚ್ಚಲಿ ಎಂಬ ಆಸೆ.

ಮಾರನೇ ದಿನ ವಿರೂಪಾಕ್ಷ ಬಂದ. ಕುಕ್ಕಲಿಲ್ಲ, ಕೂಗಲಿಲ್ಲ. ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅದನ್ನು ನೋಡಿಯೇ ಅವಳಿಗೆ ಭಯವಾಯಿತು.

"ಅವ್ವಂಗೆ ಓದಿ ಹೇಳ್ದೆ. 'ಇದ್ಯಾರ್ಲಾ ಮಾತಾಡ್ತಾವ್ಳೆ, ಟೀವಿಯೋಳಾ?' ಅಂದ್ಲು."

ಅವಳು ಪುಟ ತೆರೆದಳು. ಹಳ್ಳಿಗೆ. ಬಿಡು. ಹೆದರಿಕೊಂಡಾರು...

ಅಯ್ಯೋ ದೇವರೇ!

"ಅವ್ವ ನನ್ನ ಹೆಸ್ರು ಹೇಳೋ ಕಡೆಯೆಲ್ಲ ನೋಡಿ. ವಿರೂಪಾಕ್ಷ ಅಂತೈತೆ. ಹುಟ್ಟಿದಾಗಿಂದ ಅವ್ಳು ನನ್ನ ಇರುಪಾಕ್ಸ ಅಂದವ್ಳೇ ವಿನಾ..." ಅವನು ಆ ಹೆಸರಿನ ಮೇಲೆ ಬೆರಳಿಟ್ಟ. "ನಮ್ಮ ಮಾತು ಅಂದ್ರೆ ನಾಚ್ಕೆ ಆಯ್ತಾ ನಿಮ್ಗೆ? ಮೊದ್ಲೇ ಹೇಳಿದ್ರೆ ಬತ್ತಿರ್ಲಿಲ್ಲ ಕಣ್ರೀ."

"ವಿರೂಪಾಕ್ಷ, ಒಂದ್ನಿಮಿಷ... ನಾನು ಬೇಕಂತ..."

ಅವನು ಆಗಲೇ ಮೆಟ್ಟಿಲಿಳಿದಿದ್ದ.

ಫೋನ್ ಎತ್ತಲಿಲ್ಲ. ಶನಿವಾರ ಬಂತು, ಅವನು ಬರಲಿಲ್ಲ. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಅನ್ನ ಸೇರಲಿಲ್ಲ. ರೇಣುಕಾಪ್ರಸಾದ ಫೋನ್ ಮಾಡಿ, "ವಾಪಸ್ ಬಂದ್ಬಿಡು, ನಿನ್ನ ಕುರ್ಚಿ ಹಾಗೇ ಇದೆ," ಎಂದಾಗ ಒಂದು ಗಳಿಗೆ ಮನಸ್ಸು ಹೊಯ್ದಾಡಿತು. ಹೋಗಿಬಿಟ್ಟರೆ ಈ ಭಯವೆಲ್ಲ ತಪ್ಪುತ್ತದಲ್ಲ...

"ಇಲ್ಲ ಪ್ರಸಾದ್," ಎಂದಳು ಕಣ್ಣೊರೆಸಿಕೊಂಡು. "ನಾನೇ ಮಾಡಿದ ತಪ್ಪನ್ನ ನಾನೇ ತಿದ್ದಬೇಕು."

ಪುಸ್ತಕಗಳನ್ನೆಲ್ಲ ವಾಪಸ್ ತರಿಸಿದಳು. ತಿದ್ದುವ ಮುಂಚಿನ ಪ್ರತಿಯ ಪ್ರಿಂಟ್ ತೆಗೆದು, ಅದನ್ನು ಎದೆಗವುಚಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟರೆ?

ಅಂತರಸಂತೆಯಲ್ಲಿ ಅಂದು ಸಂತೆ. ಜನರ ನಡುವೆ ದಾರಿ ಕೇಳುತ್ತಾ ಮನೆ ಮುಟ್ಟಿದಾಗ ಶಿವರುದ್ರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಯಾರವ್ವಾ?"

"ನಿಮ್ಮ ಮಾತು ಕೆಡಿಸಿದೋಳು ನಾನೇ ಅವ್ವಾ..." ಎನ್ನುವಷ್ಟರಲ್ಲಿ ಅಳು ನುಗ್ಗಿ ಬಂತು.

"ಬಾರವ್ವಾ, ಅಳಬ್ಯಾಡ. ಅದೇನು ತಂದಿದ್ದೀಯೋ ಓದು, ಕೇಳಾನ."

ಅವಳು ಪ್ರಿಂಟ್ ಬಿಚ್ಚಿ ಓದತೊಡಗಿದಳು. ಅಷ್ಟರಲ್ಲಿ ಶಾಲೆ ಮುಗಿಸಿ ಬಂದ ವಿರೂಪಾಕ್ಷ ಅಂಗಳದಲ್ಲೇ ನಿಂತುಬಿಟ್ಟ. ಅವಳು ತಲೆಯೆತ್ತಲಿಲ್ಲ. "ಆನೆ ಬಂತು ಕಣ್ಲಾ ಅಳ್ಳಿಗೆ... ಬುಡು, ಯಾರು ಎದುರ್ಕೊಂಡಾರು..."

ಶಿವರುದ್ರಮ್ಮನ ಕೈ ನಿಂತಿತು. ಬೊಚ್ಚುಬಾಯಿ ಅರಳಿತು.

"ಲೇ ಇರುಪಾಕ್ಸ! ಇವ್ಳು ನಾನೇ ಕಣ್ಲಾ!"

ಅವನ ಕಣ್ಣು ತುಂಬಿತು.

"ಇಸ್ಕೂಲಲ್ಲಿ ಅಳ್ಳಿ ಅಂದ ಮಕ್ಕಳ ಕಿವಿ ಇಂಡೋನು ಇವ್ನೇ ಕಣವ್ವಾ," ಎಂದರು ಶಿವರುದ್ರಮ್ಮ, ಮಗನತ್ತ ಗದ್ದ ತಿರುಗಿಸಿ. "ನಿನ್ ಮ್ಯಾಲೆ ರೇಗಾಕೆ ಬಂದಿದ್ನಾ? ಕೂತ್ಕೊ, ಕಾಪಿ ತತ್ತೀನಿ."

ಅವರು ಒಳಗೆ ಹೋದರು. ಜಗಲಿಯ ಮೇಲೆ ಇವರಿಬ್ಬರೇ.

"ಅವ್ವ ಹೇಳಿದ್ದು ನಿಜ," ಎಂದ ಅವನು ತಲೆ ತಗ್ಗಿಸಿ. "ನಿಮ್ಮ ಮೇಲಿನ ಸಿಟ್ಟಲ್ಲಿ ಅರ್ಧ ನನ್ನ ಮೇಲಿನದೇ."

"ನಾಚಿಕೆ ಅಲ್ಲ ವಿರೂಪಾಕ್ಷ... ಭಯ! ತಪ್ಪಾದೀತು ಅನ್ನೋ ಭಯದಲ್ಲೇ ತಪ್ಪು ಮಾಡ್ದೆ. ಈಗ ಅದಕ್ಕಿಂತ ದೊಡ್ಡ ಭಯ. ಶನಿವಾರ ನೀವು ಬರದೇ ಹೋದ್ರೆ ನಾನು..." ಅವಳು ಅವನ ಕೈ ಹಿಡಿದಳು. "ಕಡಲೆಬೀಜ ಬಸ್‌ಸ್ಟ್ಯಾಂಡಿಂದು ಅಂತ ನಂಗೆ ಗೊತ್ತು ಕಣ್ರೀ. ನಂಗೆ ನೀವು ಬೇಕು."

ಅವನ ಕಿವಿ ಮತ್ತೆ ಕೆಂಪಾಯಿತು. ಬೀದಿಯಲ್ಲಿ ಸಂತೆಯ ಜನ. ಒಳಗಿನಿಂದ ಲೋಟದ ಸದ್ದು.

"ನಂಗೂ ಅಷ್ಟೇ... ಅಯ್ಯೋ, ಅವ್ವ ಬತ್ತಾವ್ಳೆ, ಕೈ ಬುಡ್ರೀ!" ಎಂದು ಪಿಸುಗುಟ್ಟಿದ.

"ಬುಡಾಕಿಲ್ಲ!"

ಅವನು ನಕ್ಕುಬಿಟ್ಟ. "ತಪ್ಪು ಮೇಡಂ. 'ಬಿಡುವುದಿಲ್ಲ' ಅನ್ಬೇಕು."

ಸರ್ವಮಂಗಳ ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಒಂದಕ್ಷರ ತಿದ್ದುದ್ರೂ ನಾನು ಸುಮ್ನಿರಾಕಿಲ್ಲ. ಈಗ್ಲೇ ಹೇಳ್ಬುಟ್ಟಿವ್ನಿ!"