ಬೆಳಗಿನ ಅಳತೆ, ಸಂಜೆಯ ಅಳತೆ

ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ನನ್ನ ಟೇಪು ಕೈಕೊಟ್ಟಿದ್ದು ಒಬ್ಬರ ಹೊಟ್ಟೆಯ ವಿಷಯದಲ್ಲಿ ಮಾತ್ರ.

ಅವರು ಬಸ್ ಡ್ರೈವರ್. ಮುಂದಿನ ತಿಂಗಳು ತಂಗಿಯ ಮದುವೆ, ಕೋಟು ಬೇಕು ಎಂದು ಒಂದು ಸಂಜೆ ಬಂದು ಅಳತೆ ಕೊಟ್ಟರು. ಟ್ರಯಲ್‌ಗೆ ಬೆಳಿಗ್ಗೆ ಬಂದರೆ ಗುಂಡಿಯೇ ಕೂಡಲಿಲ್ಲ. ಬಿಚ್ಚಿ ಸಡಿಲ ಮಾಡಿಕೊಟ್ಟೆ. ಸಂಜೆ ಬಂದು ಹಾಕಿದರೆ ಅದೇ ಕೋಟು ಜೋತಾಡುತ್ತಿತ್ತು. ಮತ್ತೆ ಬಿಗಿ ಮಾಡಿದೆ.

ಮರುದಿನ ಬೆಳಿಗ್ಗೆ ಮತ್ತೆ ಹಾಜರಾದಾಗ ನನಗೆ ಒಳಗೊಳಗೇ ಖುಷಿ. ನನ್ನನ್ನು ನೋಡಲೆಂದೇ ಈ ಮನುಷ್ಯ ನೆಪ ಹುಡುಕುತ್ತಿದ್ದಾರೆ ಎಂದುಕೊಂಡೆ. ಮೂವತ್ತೊಂಬತ್ತನೇ ವಯಸ್ಸಿಗೆ ಇಂಥ ಹುಚ್ಚು ಬೇರೆ!

"ಡ್ರೈವರ್ ಸಾಹೇಬ್ರೇ, ಉಸಿರು ಬಿಡಿ. ಬೇಕೂಂತ ಹೊಟ್ಟೆ ಉಬ್ಬಿಸ್ಕೊಂಡು ನಿಂತ್ರೆ ನಂಗೆ ಗೊತ್ತಾಗಲ್ವಾ?" ಎಂದು ಕನ್ನಡಿಯಲ್ಲೇ ಅವರ ಕಣ್ಣು ಹಿಡಿದು ನಕ್ಕೆ.

ಅವರು ನಗಲಿಲ್ಲ. ದೊಡ್ಡದೊಂದು ತೇಗು ಬಂತು. ಪಾಪ, ಕಿವಿಯವರೆಗೂ ಕೆಂಪಾದರು. ಕೋಟು ಬಿಚ್ಚಿ ಮೇಜಿನ ಮೇಲಿಟ್ಟು, "ಬೇಡ ಬಿಡಿ ಮೇಡಮ್" ಎಂದು ಬಾಗಿಲ ಕಡೆ ನಡೆದರು.

"ನಿಂತ್ಕೊಳ್ಳಿ. ಏನಾಯ್ತು ಹೇಳಿ, ಆಮೇಲೆ ಹೋಗಿ."

ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತ ಹೇಳಿದರು. "ನಿದ್ದೇಲಿ ನಂಗೆ ಉಸಿರು ನಿಂತು ನಿಂತು ಬರುತ್ತೆ, ಹಗಲೆಲ್ಲ ತೂಕಡಿಕೆ. ಸ್ಲೀಪ್ ಅಪ್ನಿಯಾ ಅಂದ್ರು. ಮೂಗಿಗೆ ಮಾಸ್ಕ್ ಹಾಕ್ಕೊಂಡು ಮಲಗ್ಬೇಕು, ಮೆಷಿನ್ ಗಾಳಿ ಊದ್ತಾನೇ ಇರುತ್ತೆ. ಎದೆಗೆ ಹೋಗ್ಬೇಕಾದ ಗಾಳಿ ಹೊಟ್ಟೆಗೂ ಇಳಿಯುತ್ತೆ. ಬೆಳಿಗ್ಗೆ ಎದ್ರೆ ಹೊಟ್ಟೆ ಫುಟ್‌ಬಾಲು, ಸಂಜೆಗೆ ಸರಿ."

ಅಯ್ಯೋ ದೇವರೇ, ನಾನೆಂಥ ಪೆದ್ದಿ! ಅವರ ಸಂಕಟಕ್ಕೆ ನಕ್ಕುಬಿಟ್ಟಿದ್ದೆ. ಅವರು ನನಗಾಗಿ ಬರುತ್ತಿರಲಿಲ್ಲ ಎನ್ನುವುದೂ ಚುರುಕ್ ಎಂದಿತು.

"ಡಾಕ್ಟರ್‌ಗೆ ಹೇಳಿದ್ರಾ?"

"ಏನಂತ ಹೇಳ್ಲಿ? ತೇಗು ಬರುತ್ತೆ ಅಂತಾನಾ? ಮೆಷಿನ್ನೇ ಬಿಟ್ಬಿಡ್ತೀನಿ."

ನನಗೆ ರೇಗಿತು. "ಬಿಟ್ಟು ಸ್ಟೇರಿಂಗ್ ಮೇಲೆ ತೂಕಡಿಸಿ! ಹಿಂದೆ ಐವತ್ತು ಜನ ಕೂತಿರ್ತಾರೆ. ನೆಗಡಿ ಆಯ್ತು ಅಂತ ಮೂಗು ಕೊಯ್ಕೋತಾರಾ?"

ಮರುದಿನ ಅಂಗಡಿಗೆ ಬೀಗ ಹಾಕಿ ಅವರ ಜೊತೆ ನಾನೂ ಕ್ಲಿನಿಕ್‌ಗೆ ಹೋದೆ. ಯಾವ ಅಧಿಕಾರದಿಂದ ಎಂದು ಕೇಳಬೇಡಿ. ಅವರು ಬಾಯಿ ಬಿಡದೆ ಕೂತಾಗ ನನ್ನ ಅಳತೆ ಪುಸ್ತಕವನ್ನೇ ಮುಂದಿಟ್ಟೆ: ಹೊಟ್ಟೆ ಬೆಳಿಗ್ಗೆ ಮೂವತ್ತೆಂಟು ಇಂಚು, ಸಂಜೆ ಮೂವತ್ತಾರು. ಡಾಕ್ಟರ್ ನಗಲಿಲ್ಲ. "ಇದು ಎಷ್ಟೋ ಜನಕ್ಕೆ ಆಗುತ್ತೆ, ಮೊದಲೇ ಹೇಳ್ಬಾರ್ದಾ?" ಎಂದು ಗಾಳಿಯ ಒತ್ತಡ ತಗ್ಗಿಸಿದರು, ಸರಿಯಾಗಿ ಕೂರುವ ಮಾಸ್ಕ್ ಕೊಡಿಸಿದರು, ತಲೆಯ ಕಡೆ ಹಾಸಿಗೆ ಎತ್ತರಿಸಲು ಹೇಳಿದರು.

ಆಮೇಲೆ ಡ್ಯೂಟಿಗೆ ಹೋಗುವ ಮುಂಚೆ ಬಂದು ಅಳತೆಗೆ ಕೈ ಎತ್ತಿ ನಿಲ್ಲುವುದು ಅವರಿಗೆ ಅಭ್ಯಾಸವಾಯಿತು. ಮೂವತ್ತೇಳೂವರೆ. ಮೂವತ್ತೇಳು. ಒಂದು ದಿನ ಏರಿದರೆ ಇಬ್ಬರ ಮುಖವೂ ಸಪ್ಪೆ. ಮೂರನೇ ವಾರ ಬೆಳಿಗ್ಗೆಯೂ ಮೂವತ್ತಾರು! ಕೋಟಿನ ಗುಂಡಿ ಕೂತಿತು. ಅವರು ಕುಣಿಯುವುದೊಂದು ಬಾಕಿ. ನಾನು ಮಾತ್ರ ಕೋಟು ಮಡಿಚಿ ಕೊಡುವಾಗ ಮುಖ ತಿರುಗಿಸಿಕೊಂಡೆ. ಇನ್ನು ಬರಲು ಅವರಿಗೇನು ಕೆಲಸ?

ತಂಗಿಯ ಮದುವೆ ಮುಗಿದ ಮರುದಿನ ಬೆಳಿಗ್ಗೆ ಬಂದರು.

"ಈಗೇನು, ಟೈಟಾ ಲೂಸಾ?"

"ಎರಡೂ ಇಲ್ಲ. ಕೋಟು ಸರಿಯಾಗಿದೆ."

"ಮತ್ತೆ?"

"ಬೆಳಿಗ್ಗೆ ಟೈಟು ಅಂದಿದ್ದು ಹೊಟ್ಟೆ ಕಾಟಕ್ಕೆ, ನಿಜ. ಆದ್ರೆ ಸಂಜೆ ಬಂದು ಲೂಸು ಅಂದೆನಲ್ಲ, ಒಂದಿಷ್ಟು ಲೂಸಿಗೆ ಯಾರಾದ್ರೂ ಎರಡು ಬಸ್ ಬದಲಾಯಿಸ್ಕೊಂಡು ಬರ್ತಾರಾ?" ಕನ್ನಡಿಯಲ್ಲಿ ನನ್ನ ಕಣ್ಣನ್ನು ಈಗ ಅವರು ಹಿಡಿದರು. "ಮಾಸ್ಕ್ ಹಾಕ್ಕೊಂಡು ಮಲಗೋನನ್ನ ಯಾರು ಒಪ್ತಾರೆ ಅಂತ ಸುಮ್ನಿದ್ದೆ."

ನನ್ನ ಕಣ್ಣು ತುಂಬಿ ಬಂತು. "ನನ್ನ ಹೊಲಿಗೆ ಮೆಷಿನ್ ಸದ್ದು ತಡ್ಕೋತೀರಾ?"

"ಹೂಂ."

"ಹಾಗಾದ್ರೆ ನಿಮ್ಮ ಮೆಷಿನ್ ಸದ್ದು ನಾನು ತಡ್ಕೋತೀನಿ."

ಏನು ಮಾಡಬೇಕೆಂದು ತೋಚದೆ, ಅಭ್ಯಾಸದಂತೆ ಅವರು ಎರಡೂ ಕೈ ಎತ್ತಿ ನಿಂತರು. ಟೇಪು ನನ್ನ ಕತ್ತಿನಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಬರಿಗೈಯಲ್ಲೇ ಅವರ ಸುತ್ತಳತೆ ತೆಗೆದೆ.