ಟೆಂಟಿನ ಸುತ್ತಲ ಕಾಲುವೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ನೇರ ಬಸ್ಸು ಹತ್ತಿದ್ದಳು. ಅಳತೆ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಅವಳ ತಂಗಿಯ ಅಸಹಜ ಸಾವಿನ ವರದಿ ಆಗಲೇ ಮೇಜಿನ ಮೇಲಿತ್ತು. ತಂಗಿ ಆಸ್ಪತ್ರೆಯ ನರ್ಸು. ರಜೆ ಹಾಕಿ, ಚಿಕ್ಕ ಕಾರಿಗೆ ಟೆಂಟು ಹೇರಿಕೊಂಡು ಒಬ್ಬಳೇ ಬೆಟ್ಟದ ದಾರಿ ಹಿಡಿದವಳು. ನಿಷೇಧಿತ ಕಾಡಿನೊಳಗೆ ಅಕ್ರಮವಾಗಿ ತಂಗಿದ್ದಾಗ ಆನೆ ತುಳಿದು ಮೃತಪಟ್ಟಿದ್ದಾಳೆಂದು ಅರಣ್ಯ ಇಲಾಖೆ ಭಾನುವಾರವೇ ತಿಳಿಸಿತ್ತು. ಇನ್ಸ್‌ಪೆಕ್ಟರ್ ಸಹಿಯೊಂದು ಬಾಕಿ.

"ಅಕ್ರಮ ಅನ್ನೋದನ್ನ ತೆಗೀರಿ," ಅಂದಳು ಅಕ್ಕ.

"ನೋಡೀಮ್ಮಾ, ಒಂಟಿ ಹೆಂಗಸು, ಅದೂ ಕಾಡು..." ಅಂದ ಇನ್ಸ್‌ಪೆಕ್ಟರ್.

"ವರ್ಷಗಟ್ಟಲೆ ರಾತ್ರಿ ಪಾಳಿ ಮುಗಿಸಿ ಒಂಟಿಯಾಗೇ ಮನೆಗೆ ಬರ್ತಿದ್ದಳು ಸಾರ್. ಆಗ ಯಾರಿಗೂ ಅವಳು ಒಂಟಿ ಹೆಂಗಸು ಅಂತ ನೆನಪಾಗಲಿಲ್ಲ. ಶನಿವಾರ ಮಧ್ಯಾಹ್ನ ಫೋನ್ ಮಾಡಿದ್ದಳು. ಶಿಬಿರದಲ್ಲಿ ತಂತಿಬೇಲಿ ಒಳಗೇ ಟೆಂಟು ಹಾಕಿದ್ದೀನಿ ಅಕ್ಕ, ನಿಶ್ಚಿಂತೆಯಾಗಿರು ಅಂದಳು. ಖಾಲಿ ರಸ್ತೇಲೂ ಕೆಂಪು ದೀಪಕ್ಕೆ ಕಾರು ನಿಲ್ಲಿಸೋಳು. ಬೇಲಿ ಬಿಟ್ಟು ಕಾಡಿಗೆ ಯಾಕೆ ಹೋಗ್ತಾಳೆ?"

ಅವಳಿಗೆ ಬೇಕಾಗಿದ್ದು ಪರಿಹಾರವಲ್ಲ, ಆ ಒಂದು ಪದ ಅಳಿಯಬೇಕಾಗಿತ್ತು. ಇನ್ಸ್‌ಪೆಕ್ಟರ್ ಪೆನ್ನಿಗೆ ಕ್ಯಾಪು ಹಾಕಿ ಜೀಪು ತೆಗೆಯಲು ಹೇಳಿದ. ಕಾಡಿನಲ್ಲಿ ಯಾರು ಸತ್ತರೂ ಆನೆಯ ತಲೆಗೆ ಕಟ್ಟುವುದು ಸುಲಭ. ಆನೆ ಮೇಲ್ಮನವಿ ಹೋಗುವುದಿಲ್ಲ. ಹಾಗೆ ಕಟ್ಟಿದ ವರದಿಗಳಿಗೆ ಅವನೂ ಸಹಿ ಹಾಕಿದ್ದುಂಟು.

ಬೆಟ್ಟದ ಹಿಂದೆ ಬೆಟ್ಟ, ನೀಲಿ ತೆಳುವಾಗುತ್ತ ಹೋಗಿತ್ತು. ಜೀಪಿನ ಸದ್ದಿಗೆ ಜಿಂಕೆಗಳು ಕತ್ತೆತ್ತಿ ಮತ್ತೆ ಮೇಯತೊಡಗಿದವು. ಇದನ್ನೆಲ್ಲ ನೋಡಬೇಕೆಂದೇ ನರ್ಸು ಬಂದಿದ್ದಳು. ಘಟನಾ ಸ್ಥಳದಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಟೆಂಟಿನ ಕೋಲು ಮುರಿದಿತ್ತು, ಬಟ್ಟೆಯ ಮೇಲೆ ಆನೆಯ ಪಾದದ ಅಗಲದ ಕೆಸರು. ನೆಲ ಮಾತ್ರ ಕಲ್ಲುಮಣ್ಣಿನದು, ಒಣಗಿತ್ತು. ಟೆಂಟಿನ ನಾಲ್ಕೂ ಬದಿಗೆ ಮಳೆನೀರು ಹರಿದುಹೋಗಲು ಗೇಣಗಲದ ಕಾಲುವೆ ತೋಡಲಾಗಿತ್ತು.

ಇನ್ಸ್‌ಪೆಕ್ಟರ್ ಕಾಲುವೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಅಂಚು ಚಾಕುವಿನಲ್ಲಿ ಕೊಯ್ದಂತಿತ್ತು. ಎಲ್ಲಿಯೂ ಒಂದು ಹೆಂಟೆ ಕುಸಿದಿರಲಿಲ್ಲ.

"ಟೆಂಟು ಅಪ್ಪಚ್ಚಿಯಾಗಿದೆ. ಕಾಲುವೆಗೆ ಏನೂ ಆಗಿಲ್ಲವಲ್ಲ ಉದ್ದಣ್ಣ?"

ಠಾಣೆಯ ಬಾಗಿಲಿಗೆ ತಲೆ ತಗ್ಗಿಸಿ ಬರುವ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ಇಟ್ಟ ಹೆಸರು ಉದ್ದಣ್ಣ. ಅವನು ಬಗ್ಗಿ ನೋಡಿದ. "ಆನೆ ಹೈಜಂಪ್ ಮಾಡಿತಾ ಸಾರ್?"

"ಆನೆ ಹೋದ ಮೇಲೆ ತೋಡಿದ ಕಾಲುವೆ ಇದು."

ಕಾಲುವೆಯ ಗೋಡೆಯಲ್ಲಿ ಗುದ್ದಲಿ ಬಿದ್ದ ಕಡೆಯಲ್ಲೆಲ್ಲ ಒಂದು ಮಣ್ಣಿನ ಏಣು ಉಳಿದಿತ್ತು. ಗುದ್ದಲಿಯ ಬಾಯಿ ಒಂದು ಮೂಲೆಯಲ್ಲಿ ಮುರಿದಿರಬೇಕು. ಅಚ್ಚು ತೆಗೆಸಿದರು. ನರ್ಸಿನ ಕಾರಿನಲ್ಲಿ ಗುದ್ದಲಿ ಇರಲಿಲ್ಲ. ಸಂಜೆ ಮರಣೋತ್ತರ ವರದಿ ಬಂತು: ಮೃತಳ ಕೂದಲಲ್ಲಿ ಹೊಳೆಯ ಮರಳು. ಟೆಂಟಿದ್ದ ಜಾಗದ ಆಸುಪಾಸಿನಲ್ಲಿ ಹೊಳೆಯೇ ಇಲ್ಲ. ಐದೂವರೆಗೆ ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್, ಉದ್ದಣ್ಣ ಇಬ್ಬರೂ ಪ್ರವಾಸಿ ಶಿಬಿರಕ್ಕೆ ಹೋದರು. ಸುತ್ತ ವಿದ್ಯುತ್ ತಂತಿಬೇಲಿ, ಒಂದೇ ಗೇಟು, ಕೆಳಗೆ ಹೊಳೆ. ಒಳಗೆ ಸಾಲು ಟೆಂಟುಗಳು; ಪ್ರತಿಯೊಂದರ ಸುತ್ತ ಅಂಥದೇ ಗೇಣಗಲದ ಕಾಲುವೆ.

"ನರ್ಸ್ ಯಾವಾಗ ಹೋದರು?"

"ಶನಿವಾರ ಸಂಜೆ. ತಾವಾಗೇ ಹೋದರು ಸಾರ್," ಅಂದ ಮ್ಯಾನೇಜರ್. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. "ಈ ಒಂಟಿ ಪ್ರವಾಸದವರು ಹಾಗೇ. ಹೇಳಿದ ಮಾತು ಕೇಳಲ್ಲ."

"ಅವತ್ತು ಬೇರೆ ಯಾರಿದ್ದರು?"

"ಒಬ್ಬ ದೊಡ್ಡ ಅಧಿಕಾರಿಯ ಕುಟುಂಬ. ಪೂರ್ತಿ ಶಿಬಿರ ಅವರಿಗೇ."

"ಪೂರ್ತಿ ಅಂದರೆ ನರ್ಸ್ ಹಾಕಿದ್ದ ಟೆಂಟಿನ ಜಾಗವೂ?"

ಮ್ಯಾನೇಜರ್ ಅಂಗಿಯ ತೋಳು ಸರಿಮಾಡಿಕೊಂಡ.

ಉದ್ದಣ್ಣ ಉಗ್ರಾಣದಿಂದ ಗುದ್ದಲಿ ಹಿಡಿದು ಬಂದ. ಬಾಯಿಯ ಮೂಲೆ ಮುರಿದಿತ್ತು. ಅಚ್ಚಿಗೆ ಹಿಡಿದಾಗ ಗುರುತಿಗೆ ಮುರುಕು ಸರಿಯಾಗಿ ಕೂತಿತು. ಗುದ್ದಲಿ ರಾತ್ರಿ ಕಾವಲುಗಾರನದು. ಗೇಟಿನ ಬೀಗದಕೈ ಸೊಂಟದಲ್ಲಿ ಸಿಕ್ಕಿಸಿಕೊಂಡ ನಡುವಯಸ್ಸಿನವನು, ಕರೆಯುವ ಮೊದಲೇ ಬಂದು ನಿಂತಿದ್ದ.

"ಕಾಲುವೆ ತೋಡಿದ್ದು ನೀನಾ?"

"ಟೆಂಟು ಹಾಕಿದ ಕೂಡಲೇ ಕಾಲುವೆ ತೋಡೋದು ನನ್ನ ಕೆಲಸ ಸಾರ್."

"ಕಾಡಿನೊಳಗಿನ ಟೆಂಟಿಗೆ?"

ಅವನ ಕೈ ಸೊಂಟದ ಬೀಗದಕೈ ತಡವಿತು.

"ಸತ್ತವರ ಟೆಂಟಿಗೆ ಕಾಲುವೆ ಯಾಕಯ್ಯಾ?"

"ಮೋಡ ಕಟ್ಟಿತ್ತು ಸಾರ್," ಅಂದ. "ಒಳಗೆ ಅಕ್ಕೋರ ಬಟ್ಟೆ ಇತ್ತು. ನೆನೆದುಬಿಡ್ತವಲ್ಲ ಅನ್ನಿಸ್ತು. ಕೈ ತಾನಾಗೇ ಗುದ್ದಲಿಗೆ ಹೋಯ್ತು."

"ಬಾಯಿ ಮುಚ್ಚೋ!" ಅಂದ ಮ್ಯಾನೇಜರ್.

"ಮೂರು ದಿನದಿಂದ ಮುಚ್ಚಿದ್ದೀನಿ ಸ್ವಾಮಿ. ಅನ್ನ ಇಳೀತಿಲ್ಲ."

ಕಾವಲುಗಾರ ಹೇಳಿದ್ದು ಇಷ್ಟು. ಅತಿಥಿಗಳ ಕಣ್ಣಿಗೆ ಬೇರೆಯವರ ಟೆಂಟು ಬೀಳಬಾರದೆಂದು ಮ್ಯಾನೇಜರ್ ಶನಿವಾರ ಸಂಜೆ ನರ್ಸನ್ನು ಹೊಳೆದಂಡೆಗೆ ಕಳಿಸಿದ. ಕಾರು ಬೇಲಿಯೊಳಗೇ ಉಳಿಯಿತು. ಅಲ್ಲಿ ಆನೆಗಳು ನೀರಿಗಿಳಿಯುತ್ತವೆಂದು ಶಿಬಿರದವರಿಗೆಲ್ಲ ಗೊತ್ತಿತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ. ರಾತ್ರಿ ಅವಳು ಗೇಟಿಗೆ ಓಡಿಬಂದಳು. ಟೆಂಟು ಹಾಕೋಕೆ ಬಿಡದಿದ್ದರೆ ಬೇಡ, ಕಾರಿನಲ್ಲಾದರೂ ಕೂರುತ್ತೀನಿ, ಗೇಟು ತೆಗಿ ಅಣ್ಣಾ ಅಂದಳು. ಗೇಟಿನ ಸದ್ದಿಗೆ ಅತಿಥಿಗಳು ಎದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದ. ಟೆಂಟಿನೊಳಗೆ ಅಲ್ಲಾಡದೆ ಕೂತಿರಿ ಅಕ್ಕೋರೆ, ಏನೂ ಆಗಲ್ಲ ಎಂದು ಇವನು ವಾಪಸು ಕಳಿಸಿದ. ಬೀಗದಕೈ ಆಗಲೂ ಇವನ ಸೊಂಟದಲ್ಲೇ ಇತ್ತು. ಬೆಳಕು ಹರಿಯುತ್ತಲೇ ಮ್ಯಾನೇಜರ್, ಇವನು ಇಬ್ಬರೂ ಸೇರಿ ಹೆಣ, ಟೆಂಟು, ಕಾರು ಮೂರನ್ನೂ ಕಾಡಿನೊಳಗೆ ಸಾಗಿಸಿದರು. ಆಮೇಲೆ ಮ್ಯಾನೇಜರ್ ಅತಿಥಿಗಳಿಗೆ ಕಾಫಿ ಕಳಿಸಿದ.

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಮಧ್ಯಾಹ್ನ ಇಬ್ಬರನ್ನೂ ಬಂಧಿಸಲಾಯಿತು. ಅಧಿಕಾರಿಯ ಹೇಳಿಕೆಯನ್ನು ಅವನ ಮನೆಯ ಮೆತ್ತನೆಯ ಸೋಫಾದ ಮೇಲೆ ಪಡೆದುಕೊಂಡರು. "ಏನೋ ಕೂಗಿದ ಹಾಗಿತ್ತು. ಕಾಡಲ್ವಾ, ಯಾವುದೋ ಪ್ರಾಣಿ ಅಂದುಕೊಂಡ್ವಿ." ಹೆಂಗಸಿನ ಕೂಗನ್ನು ಪ್ರಾಣಿಯದೆಂದುಕೊಂಡು ಮಗ್ಗುಲು ಬದಲಿಸುವುದಕ್ಕೆ ಕಾನೂನಿನಲ್ಲಿ ಕಲಮಿಲ್ಲ. ಅವನ ಹೆಸರು ಸಾಕ್ಷಿಗಳ ಸಾಲಿಗೆ ಸೇರಿತು.

ಬುಧವಾರ ಅಕ್ಕ ಮತ್ತೆ ಬಂದಳು. ಇನ್ಸ್‌ಪೆಕ್ಟರ್ ಹಳೆಯ ವರದಿಯನ್ನು ಅವಳ ಮುಂದಿಟ್ಟು 'ಅಕ್ರಮವಾಗಿ' ಎಂಬುದರ ಮೇಲೆ ಗೆರೆ ಎಳೆದು ಸಹಿ ಹಾಕಿದ. ಕ್ಷಮೆ ಕೇಳಬೇಕೆನಿಸಿತು. ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದ. ಈ ಸಲ ಅವಳು ಕೂತಳು. ಉದ್ದಣ್ಣ ನರ್ಸಿನ ಬಟ್ಟೆಯ ಚೀಲ ತಂದ. ಅಕ್ಕ ಸ್ವೆಟರ್ ಒಂದನ್ನು ಹೊರತೆಗೆದು ಮುಟ್ಟಿ ನೋಡಿದಳು.

"ಒಣಗೇ ಇದೆ. ಅಷ್ಟು ಥಂಡಿಯಲ್ಲೂ."

ಇನ್ಸ್‌ಪೆಕ್ಟರ್ ಗೇಟಿನ ಸಂಗತಿಯನ್ನೂ ಕಾಲುವೆಯ ಸಂಗತಿಯನ್ನೂ ಹೇಳಿದ. ಎದುರಿನ ಲಾಕಪ್ಪಿನ ಸರಳುಗಳ ಹಿಂದೆ ಕಾವಲುಗಾರ ಎದ್ದು ನಿಂತಿದ್ದ. ಅವಳು ಸ್ವೆಟರನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಅವನ ಕಡೆ ತಿರುಗಿದಳು. ದನಿ ಏರಲಿಲ್ಲ.

"ಬಟ್ಟೆ ನೆನೆಯುತ್ತೆ ಅಂತ ಅಷ್ಟು ಮಣ್ಣು ತೋಡಿದೆಯಲ್ಲ ಅಣ್ಣಾ. ಒಂದು ಬೀಗ ತೆಗೆಯೋದು ಅದಕ್ಕಿಂತ ಕಷ್ಟವಾಗಿತ್ತಾ?"